ವಾಟರ್ಲೂವಿನಲ್ಲಿ ಹುರುಳಿ

ಯುದ್ಧಕ್ಕೆ ಹೋಗಿ ಬಂದವನು ಯುದ್ಧವನ್ನು ಕಂಡೇ ಇರಬೇಕೆಂದು ಜನ ತಿಳಿಯುತ್ತಾರೆ. ಮದುವೆಗೆ ಹೋಗಿ, ಪಂಕ್ತಿಯ ತುದಿಯಲ್ಲಿ ಕುಳಿತು, ಎದುರಿನವನ ಎಲೆಯನ್ನಷ್ಟೇ ನೋಡಿ ಬರುವವರೂ ಇದ್ದಾರಲ್ಲ, ನಾನು ಆ ಪೈಕಿ. ಬರ್ಮಾದ ಕಡೆ ಎರಡು ವರ್ಷ ಇದ್ದೆ. ಖಚಿತವಾಗಿ ಕಂಡದ್ದು ಒಂದೇ: ನನ್ನ ಮುಂದೆ ನಡೆಯುತ್ತಿದ್ದವನ ಸೊಂಟದಲ್ಲಿ ತೂಗಾಡುತ್ತಿದ್ದ ನೀರಿನ ಬಾಟಲಿ. ಅದರ ಒಂದು ಬದಿ ತಗ್ಗಾಗಿತ್ತು. ಆಮೇಲೆ ಹೊಗೆ, ಸದ್ದು. ಸದ್ದು ನಿಂತಾಗ ಬಾಟಲಿ ಕೆಸರಿನಲ್ಲಿ ಬಿದ್ದಿತ್ತು. ಅವನು ಎಲ್ಲಿದ್ದ ಎಂದು ನಾನು ನೋಡಲಿಲ್ಲ. ಆದ್ದರಿಂದ ಹೇಳುವುದೂ ಇಲ್ಲ.

ಸಾಲಿಗ್ರಾಮದಲ್ಲಿ ಇಷ್ಟಕ್ಕೆ ಯಾರಿಗೂ ಸಮಾಧಾನವಿಲ್ಲ. ರಾತ್ರಿಯಿಡೀ ಯಕ್ಷಗಾನದಲ್ಲಿ ಯುದ್ಧದ ಪ್ರಸಂಗ ನೋಡಿದ ಊರು ನಮ್ಮದು. ವೀರನಾದವನು ತನ್ನ ಪ್ರತಾಪವನ್ನು ಗಂಟೆಗಟ್ಟಲೆ ತಾನೇ ಹೇಳಿಕೊಳ್ಳಬೇಕು. ನಾನು ಬಾಟಲಿಯ ಮಾತಾಡಿ ಸುಮ್ಮನಾದದ್ದರಿಂದ, ನಾನು ಯುದ್ಧಕ್ಕೇ ಹೋಗಿಲ್ಲ, ಎಲ್ಲೋ ಡಿಪೋದಲ್ಲಿ ಅಕ್ಕಿ ಅಳೆಯುತ್ತಿದ್ದೆ ಎಂಬ ಸುದ್ದಿ ಹುಟ್ಟಿ, ನನಗಿಂತ ಮೊದಲೇ ಬ್ರಹ್ಮಾವರದ ನನ್ನ ಮಾವನ ಮನೆ ತಲುಪಿತು. ಮಗಳನ್ನು ಕೊಟ್ಟವರಿಗೆ ಇದು ಸಣ್ಣ ಮಾತಲ್ಲ.

ಮಾವ ನಿವೃತ್ತ ಮೇಷ್ಟ್ರು. ಪ್ರತಿ ಭಾನುವಾರ ಕುಂದಾಪುರದಿಂದ ಅವರ ಗೆಳೆಯ ವಕೀಲರು ಬಸ್ಸಿನಲ್ಲಿ ಬರುತ್ತಿದ್ದರು. ಜಗಲಿಯ ಮೇಲೆ ಸೀಮೆಸುಣ್ಣದಿಂದ ಗುಡ್ಡ, ದಾರಿ ಬರೆದು ಇಬ್ಬರೂ ವಾಟರ್ಲೂ ಯುದ್ಧ ಆಡುತ್ತಿದ್ದರು. ಕೆಂಪು ಕೋಟಿನ ಇಂಗ್ಲಿಷರು ಗುಲಗಂಜಿ, ನೆಪೋಲಿಯನ್ನನ ಫ್ರೆಂಚರು ಹುಣಸೆಬೀಜ, ಕುದುರೆಗಳು ಕವಡೆ. ಸಂಜೆ ಇಂಗ್ಲಿಷರ ನೆರವಿಗೆ ಬರುವ ಪ್ರಷ್ಯದ ಸೈನ್ಯ ಹುರುಳಿ. ಅದು ಹೊತ್ತಾಗುವವರೆಗೆ ಅಡುಗೆಮನೆಯ ಹೊಸಿಲ ಬಳಿ ಬಟ್ಟಲಲ್ಲಿ ಕಾಯುತ್ತಿತ್ತು. ಮಾವ ಯಾವಾಗಲೂ ನೆಪೋಲಿಯನ್, ಯಾವಾಗಲೂ ಸೋಲು.

ನಾನೂ ಅಲ್ಲಿಗೆ ಹೋಗಿದ್ದ ಒಂದು ಭಾನುವಾರ ವಕೀಲರು ಕೈಯಲ್ಲಿದ್ದ ಗುಲಗಂಜಿ ಕೆಳಗಿಟ್ಟು ನನ್ನ ಕಡೆ ತಿರುಗಿದರು.

"ಶತ್ರುಗಳ್ ಎಷ್ಟ್ ಜನ ಇದ್ದಿದ್ರ್?"

"ಗೊತ್ತಿಲ್ಲೆ."

"ಯಾವ್ ದಿಕ್ಕಂಗೆ ಇದ್ದಿದ್ರ್?"

"ಕಂಡಿಲ್ಲೆ."

"ಹಾಂಗಾರೆ ನೀವ್ ಕಂಡದ್ದ್ ಎಂತ?"

"ಬಾಟ್ಲಿ."

"ಹ್ವಾಯ್ ಮಾಷ್ಟ್ರೆ," ಎಂದರು ವಕೀಲರು ಮಾವನಿಗೆ, "ಇಂಥಾ ಸಾಕ್ಷಿ ಕೋರ್ಟಿಗ್ ತಂದ್ರೆ ನನ್ ಕಕ್ಷಿಗಾರ ನಂಗೇ ಹೊಡೂದ್."

ಮಾವ ನಗಲಿಲ್ಲ. ಅವರ ಹತ್ತಿರ ಒಂದು ಹಳೆಯ ಇಂಗ್ಲಿಷ್ ಪುಸ್ತಕವಿತ್ತು, ನೆಪೋಲಿಯನ್ನನ ಕಾಲದ ಸಾಮಾನ್ಯ ಸಿಪಾಯಿಗಳು ಬರೆದಿಟ್ಟ ನೆನಪುಗಳು. ಅದರಲ್ಲಿನ ನಕ್ಷೆಗಳನ್ನು ಬಿಟ್ಟರೆ ಬೇರೇನನ್ನೂ ಅವರು ಓದಿರಲಿಲ್ಲ. ಆಟಕ್ಕೆ ಸಿಪಾಯಿಯ ಮಾತು ಯಾಕೆ? ಆ ವಾರ ಕುಳಿತು ಓದಿದರು. ಮುಂದಿನ ಭಾನುವಾರ ವಕೀಲರು ಚಪ್ಪಲಿ ಬಿಡುವ ಮೊದಲೇ ಒಬ್ಬ ಸಿಪಾಯಿಯ ಪುಟಗಳನ್ನು ಕನ್ನಡದಲ್ಲಿ ಹೇಳಿದರು: ಅವನು ಕಂಡದ್ದು ಹೊಗೆ, ಮುಂದಿನವನ ಬೆನ್ನ ಚೀಲ, ಕೆಸರಲ್ಲಿ ಕಳಚಿಹೋದ ಒಂದು ಬೂಟು. ಗೆದ್ದೆವೋ ಸೋತೆವೋ ಎಂದು ತಿಳಿದದ್ದು ಮರುದಿನ, ಅದೂ ಬೇರೆಯವರ ಬಾಯಿಂದ.

"ಕಾಣಿ ವಕೀಲ್ರೆ, ಇವ್ನಿಗೂ ನಮ್ ಅಳಿಯನ್ಗೂ ನೆಂಟಸ್ತಿಕೆ ಇಲ್ಲೆ, ಹೇಳೂದ್ ಮಾತ್ರ ಒಂದೇ," ಎಂದರು ಮಾವ. "ಇಷ್ಟ್ ದಿನ ನಾವ್ ಆಡಿದ್ದ್ ಮೇಲಿಂದ ಕಾಂಬ ಹದ್ದಿನ ಯುದ್ಧ. ಇವತ್ತ್ ಮನ್ಷ್ಯರದ್ದ್ ಆಡುವ."

ಎರಡು ಕಂಬಗಳ ನಡುವೆ ತಮ್ಮ ಇನ್ನೊಂದು ಪಂಚೆಯನ್ನು ಅಡ್ಡ ಕಟ್ಟಿದರು. ಒಬ್ಬರ ಸೈನ್ಯ ಇನ್ನೊಬ್ಬರಿಗೆ ಕಾಣದು. ಎರಡೂ ಕಡೆ ಓಡಾಡಿ, ಎಲ್ಲಿ ಯಾರು ಎದುರಾದರು, ಎಷ್ಟು ಬೀಜ ಬಿದ್ದವು ಎಂದು ಹೇಳುವವನು ನಾನೊಬ್ಬನೇ. ನಾಲ್ಕು ಗಂಟೆಗೆ ವಕೀಲರು ಪ್ರಷ್ಯದವರನ್ನು ಕರೆತರಲು ನನ್ನನ್ನು ಒಳಗೆ ಕಳಿಸಿದರು. ಹೋಗಿ ನೋಡಿ ಬಂದು ವರದಿ ಒಪ್ಪಿಸಿದೆ.

"ಬಟ್ಲ್ ಖಾಲಿ ಇತ್ತ್."

"ಅವ್ರ್ ಎಲ್ಲಿಗ್ ಹೋಯಿರ್?"

"ಕಂಡಿಲ್ಲೆ."

ವಕೀಲರು ನಕ್ಕರು. "ಮಾವ ಹೇಳಿಕೊಟ್ಟದ್ದಾ? ನಾ ನಂಬೂದಿಲ್ಲೆ." ಪ್ರಷ್ಯದವರು ಬಂದೇ ಬರುತ್ತಾರೆಂದು ಇದ್ದಬದ್ದ ಗುಲಗಂಜಿಯನ್ನೆಲ್ಲ ಮುಂದಕ್ಕೆ ನೂಕಿದರು. ಅರ್ಧ ಗಂಟೆಯಲ್ಲಿ ಪಂಚೆ ತೆಗೆದಾಗ ಜಗಲಿಯ ತುಂಬ ಹುಣಸೆಬೀಜ. ನೆಪೋಲಿಯನ್ ವಾಟರ್ಲೂ ಗೆದ್ದಿದ್ದ.

"ಆ ಹುರ್ಳಿಯಾ?" ಎಂದರು ಅತ್ತೆ ಅಡುಗೆಮನೆಯಿಂದ. "ಹೊತ್ತಾರೆಯೇ ನೆನಿ ಹಾಕಿದೆ. ಈಗ ಬೆಂದಿತ್ತ್."

ವಕೀಲರು ಖಾಲಿ ಕೈ ನೋಡಿಕೊಳ್ಳುತ್ತ ಕುಳಿತಿದ್ದರು. ನನಗೆ ತಡೆಯಲಾಗಲಿಲ್ಲ.

"ಎದುರಂಗೆ ಎಷ್ಟ್ ಜನ ಇದ್ದಿದ್ರ್, ವಕೀಲ್ರೆ?"

"ಗೊತ್ತಿಲ್ಲೆ."

"ನೀವ್ ಕಂಡದ್ದ್ ಎಂತ?"

"ಪಂಚೆ," ಎಂದರು ಅವರು ನಿಧಾನವಾಗಿ. "ಅಂಚಂಗೆ ಒಂದ್ ತೇಪೆ ಇತ್ತ್."

ಪ್ರಷ್ಯದ ಸೈನ್ಯ ಸಾರಾಗಿ ಎಲೆಗೆ ಬಂತು. ಎರಡನೆಯ ಸಲ ಸಾರು ಬಡಿಸುವಾಗ ವಕೀಲರು ತಲೆ ಎತ್ತದೆ ಕೇಳಿದರು, "ಆ ಬಾಟ್ಲಿದ್ ತಗ್ಗ್ ಯಾವ್ ಬದಿಗಿತ್ತ್?"

"ಎಡಕ್ಕೆ," ಎಂದೆ.

ಅವರು ತಲೆಯಾಡಿಸಿದರು, ಅಡ್ಡಪ್ರಶ್ನೆ ಹಾಕಲಿಲ್ಲ. ಅಂದಿನಿಂದ ಕುಂದಾಪುರದಲ್ಲಿ ನಾನು ಯುದ್ಧ ಕಂಡವನೆಂದು ಅವರೇ ಹೇಳುತ್ತಿದ್ದಾರಂತೆ, ತಗ್ಗು ಎಡಕ್ಕಿತ್ತು ಎಂಬುದನ್ನೂ ಸೇರಿಸಿ. ಮಾವನಿಗೆ ನೆಮ್ಮದಿ. ನನಗೆ ಮಾತ್ರ ಯಾರೂ ನಂಬದಿದ್ದಷ್ಟು ದಿನ ಇಲ್ಲದ ಸಂಶಯವೊಂದು ಆ ಸಂಜೆ ಬಸ್ಸಿನಲ್ಲೇ ಶುರುವಾಯಿತು: ಬಲಕ್ಕಿತ್ತೇ? ಬರುವ ಭಾನುವಾರ ಹೋಗಿ ತಿದ್ದಿಸಬೇಕು.