ಉಗುರಗಲದ ಅವ್ವ

ಯಾರನ್ನೂ ಬಿಡುವುದು ನನ್ನಿಂದಾಗದ ಕೆಲಸ. ಇದನ್ನು ಕೇಳಿ ನನ್ನದು ವಿಶಾಲ ಹೃದಯವೆಂದು ಯಾರೂ ತಿಳಿಯಬಾರದು. ಇದು ಬರೀ ಕಸುಬಿನ ರೋಗ. ದರ್ಜಿಗೆ ಕುತ್ತಿಗೆ ಬಾಗುವ ಹಾಗೆ ಲಗ್ನಪತ್ರಿಕೆ ಮಾಡುವವನಿಗೆ ಮನಸ್ಸು ಬಾಗುತ್ತದೆ. ಕಾಚಿಗೂಡದ ಒಂದು ಪ್ರಿಂಟಿಂಗ್ ಅಂಗಡಿಯಲ್ಲಿ ಕುಳಿತು, ಕಲಬುರಗಿ, ರಾಯಚೂರು, ಬೀದರ ಕಡೆಯಿಂದ ಬಂದು ಹೈದರಾಬಾದಿನಲ್ಲಿ ನೆಲೆಸಿದವರ ಮದುವೆಗಳಿಗೆ ಕಾರ್ಡು ಮಾಡಿಕೊಡುವುದು ನನ್ನ ಉದ್ಯೋಗ. ನಮ್ಮ ಜನರ ಕಾರ್ಡಿನಲ್ಲಿ ವಧೂವರರಿಗೆ ಸಿಗುವ ಜಾಗ ಕಡಿಮೆ. ಮೇಲೆ ಮನೆದೇವರು, ಅದರ ಕೆಳಗೆ ಲಿಂಗೈಕ್ಯರಾದ ಹಿರಿಯರ ಆಶೀರ್ವಾದ, ಆಮೇಲೆ ಕಾಕಾಗಳು, ಸೋದರಮಾವಂದಿರು, ಅಳಿಯಂದಿರು, ಕಡೆಗೆ ತೊಟ್ಟಿಲಲ್ಲಿರುವ ಮೊಮ್ಮಕ್ಕಳು. ಸತ್ತರೂ ಬಿಡುಗಡೆ ಇಲ್ಲ, ಹುಟ್ಟಿದ ಕೂಡಲೇ ಹಾಜರಿ. ಒಮ್ಮೆ ಒಬ್ಬ ಕಾಕಾ ಅವರ ಹೆಸರು ಹೇಗೋ ಬಿಟ್ಟುಹೋಯಿತು. ಅವರು ಮದುವೆಗೆ ಬಂದರು, ಮೊದಲ ಸಾಲಿನಲ್ಲಿ ಎಲ್ಲರಿಗೂ ಕಾಣುವಂತೆ ಕುಳಿತರು, ಅಕ್ಷತೆ ಹಾಕಿದರು, ಒಂದು ಹನಿ ನೀರೂ ಕುಡಿಯದೆ ಎದ್ದುಹೋದರು. ಆ ಮನೆಯವರು ಈಗಲೂ ನನ್ನನ್ನು ಕಂಡರೆ ರಸ್ತೆ ದಾಟಿ ಆಚೆ ಬದಿಗೆ ಹೋಗುತ್ತಾರೆ. ಅಂದಿನಿಂದ ನಾನು ಸೇರಿಸುವುದನ್ನಷ್ಟೇ ಬಲ್ಲೆ, ತೆಗೆಯುವುದನ್ನು ಅರಿಯೆ.

ಇಂಥವನು ಒಂದು ವಿಡಿಯೋ ಗೇಮ್ ಮಾಡಲು ಹೊರಟ. ನನ್ನ ಹೆಂಡತಿ ಶೈಲಜಾ ಕಾಲೇಜೊಂದರಲ್ಲಿ ಕಂಪ್ಯೂಟರ್ ಪಾಠ ಹೇಳುತ್ತಾಳೆ. ಅವಳು ಪ್ರೋಗ್ರಾಂ ಬರೆಯುವುದು, ನಾನು ಚಿತ್ರ ಬರೆಯುವುದು ಎಂದು ಮಾತಾಯಿತು. ಕಥೆ ನನ್ನ ಅವ್ವನದು. ಅವ್ವ ತನ್ನ ಕಡೆಯ ವರ್ಷವನ್ನೆಲ್ಲ ತನ್ನ ಸಾಮಾನು ಹಂಚುವುದರಲ್ಲಿ ಕಳೆದಳು. "ನನ್ನ ಹಿಂದ ನೀವು ಒದ್ದಾಡೂದು ಬ್ಯಾಡ" ಎಂದು ಟ್ರಂಕು ತೆಗೆದು ಒಂದೊಂದನ್ನೇ ಕೈಯಲ್ಲಿ ಹಿಡಿದು ನೋಡಿ, ಇದು ಇವರಿಗೆ, ಅದು ಅವರಿಗೆ ಎಂದು ಕೊಟ್ಟು, ಖೋಲಿಯನ್ನು ಖಾಲಿ ಮಾಡಿ ಹೋದಳು. ನಮ್ಮ ಗೇಮಿನ ಹೆಸರೂ 'ಖೋಲಿ'. ಒಬ್ಬ ಹೆಂಗಸು, ಒಂದು ಕೋಣೆ, ಅದರ ತುಂಬ ಸಾಮಾನು. ಪ್ರತಿಯೊಂದನ್ನೂ ಎತ್ತಿ ನೋಡಿ ಇರಲಿ ಅಥವಾ ಹೋಗಲಿ ಎಂದು ಆಡುವವರು ತೀರ್ಮಾನಿಸಬೇಕು. ಅಂಗಡಿಯ ಮಾಲೀಕರಿಗೆ ತೋರಿಸಿದೆ. "ಇಸ್ಮೆ ಜೀತ್ನಾ ಕೈಸೆ?" ಎಂದರು. ಇದರಲ್ಲಿ ಗೆಲ್ಲುವುದಿಲ್ಲ, ಕೋಣೆ ಖಾಲಿಯಾಗುತ್ತದೆ, ಅಷ್ಟೆ ಎಂದೆ. ಅವರು ನನ್ನ ಭುಜ ತಟ್ಟಿ, "ಲೈಟ್ ಲೋ ಮಿಯಾಂ", ಮನಸ್ಸಿಗೆ ಹಚ್ಚಿಕೊಳ್ಳಬೇಡ, ಎಂದು ಚಹಾ ತರಿಸಿದರು. ದುಃಖದಲ್ಲಿರುವವರಿಗೆ ಈ ಊರು ಹೇಳುವ ಸಮಾಧಾನ ಅದೊಂದೇ.

ಗೇಮಿನಲ್ಲಿ ನಾವು ಆ ಹೆಂಗಸಿನ ಹಿಂದೆ ನಿಂತಿರುತ್ತೇವೆ. ಮೊದಲಿನಿಂದ ಕೊನೆಯವರೆಗೆ ಕಾಣುವುದು ಅವಳ ಬೆನ್ನು, ತುರುಬು, ಸೊಂಟಕ್ಕೆ ಸಿಕ್ಕಿಸಿದ ಸೆರಗು. ಆ ಬೆನ್ನನ್ನು ನಾನು ಕಣ್ಣು ಮುಚ್ಚಿ ಬರೆದೆ. ಅವ್ವ ಜೀವನವಿಡೀ ನಮಗೆ ಬೆನ್ನು ಮಾಡಿ, ಒಲೆಗೆ ಮುಖ ಮಾಡಿ ನಿಂತವಳಲ್ಲವೇ?

ವರ್ಷಗಟ್ಟಲೆ ಸಂಜೆಗಳನ್ನು ನುಂಗಿ ಗೇಮ್ ಮುಗಿಯಿತು. ಅದನ್ನು ಮಾರುವ ಆನ್‌ಲೈನ್ ಅಂಗಡಿಗೆ ಒಂದು ಮುಖಚಿತ್ರ ಕೊಡಬೇಕಿತ್ತು. ಅಲ್ಲಿ ಲೆಕ್ಕವಿಲ್ಲದಷ್ಟು ಗೇಮ್‌ಗಳು. ಫೋನಿನಲ್ಲಿ ನೋಡಿದರೆ ಒಂದೊಂದಕ್ಕೂ ಸಿಗುವುದು ಹೆಬ್ಬೆರಳಿನ ಉಗುರಿನಷ್ಟು ಜಾಗ. ಸರಿಸುತ್ತ ಹೋಗುವ ಬೆರಳು ಆ ಉಗುರಗಲದ ಚಿತ್ರದ ಮೇಲೆ ನಿಂತರೆ ನಾವು ಉಳಿದೆವು. ಹೊಸ ಗೇಮನ್ನು ಕೆಲವು ದಿನ ಮುಂದೆ ಇಡುತ್ತಾರೆ, ಆಗ ಯಾರೂ ತೆರೆಯದಿದ್ದರೆ ಅದು ತಳ ಸೇರುತ್ತದೆ, ಮತ್ತೆ ಮೇಲೆ ಬರುವುದಿಲ್ಲ. ಹಾಗೇನಾದರೂ ಆದರೆ ಅವ್ವನನ್ನು ಎರಡನೇ ಸಲ ಮಣ್ಣು ಮಾಡಿದ ಹಾಗೆ ಎಂದು ನನಗೆ ಹೆದರಿಕೆಯಾಗಿತ್ತು.

ಹೆದರಿದವನು ತನಗೆ ಗೊತ್ತಿರುವುದನ್ನೇ ಮಾಡುತ್ತಾನೆ. ನಾನು ಲಗ್ನಪತ್ರಿಕೆ ಮಾಡಿದೆ. ಅವ್ವನ ಟ್ರಂಕು, ಕೌದಿ, ರೊಟ್ಟಿಯ ಹಂಚು, ಉಪ್ಪಿನಕಾಯಿ ಭರಣಿಗಳು, ಅಪ್ಪನ ರೇಡಿಯೋ, ಕಿಟಕಿ, ಕಿಟಕಿಯಾಚೆ ನಮ್ಮ ತಾರ್ನಾಕದ ಫ್ಲೈಓವರ್, ಅದರ ಮೇಲೆ ಚಂದ್ರ. ಸುತ್ತ ಬಂಗಾರದ ಬಣ್ಣದ ಅಂಚು, ಮೇಲೆ ಮಾವಿನ ತೋರಣ. ಕೈ ತಾನಾಗಿಯೇ ಎಳೆದುಬಿಟ್ಟಿತ್ತು. ಹೆಸರನ್ನು ಕನ್ನಡ, ತೆಲುಗು, ಇಂಗ್ಲಿಷು ಮೂರರಲ್ಲೂ ಬರೆದಿದ್ದೆ. ಇಷ್ಟೆಲ್ಲದರ ಹಿಂದೆ, ಮೂಲೆಯಲ್ಲಿ, ಅವ್ವನ ಬೆನ್ನು.

ಶೈಲಜಾ ಅದನ್ನು ಕುಗ್ಗಿಸಿ, ಬೇರೆ ಗೇಮ್‌ಗಳ ಚಿತ್ರಗಳ ನಡುವೆ ಕೂರಿಸಿ, ಬಾಲ್ಕನಿಯಲ್ಲಿ ಕುಳಿತಿದ್ದ ಅಪ್ಪನ ಎದುರು ಫೋನು ಹಿಡಿದಳು. ಅಪ್ಪ ಸರಕಾರಿ ಕಚೇರಿಯಿಂದ ನಿವೃತ್ತರಾದವರು; ಅಭಿಪ್ರಾಯ ಕೇಳಿದರೆ ಮುಲಾಜಿಲ್ಲದೆ ಷರಾ ಬರೆಯುವವರು. ಗೇಮು ಯಾರ ಕಥೆಯೆಂದು ಅವರಿಗೆ ಹೇಳಿರಲಿಲ್ಲ.

"ಮಾವಾರ, ಇದರಾಗ ಏನ್ ಕಾಣಾಕತ್ತೈತಿ ನೋಡ್ರಿ."

"ಕಾಯಿಪಲ್ಲೆ ಸಂತಿ ಕಂಡಂಗ ಆಕತಿ ನೋಡವಾ. ಹಿಂದ ಯಾರದೋ ಲಗ್ನಾನೂ ನಡದೈತಿ."

ಅಲ್ಲಿಂದ ಶುರುವಾಯಿತು ತೆಗೆಯುವ ಕೆಲಸ. ಅಂಚು ತೆಗೆಸಿದಳು, ತೋರಣ ಇಳಿಸಿದಳು, ಚಂದ್ರನನ್ನು ಫ್ಲೈಓವರ್ ಸಮೇತ ಕಳಿಸಿದಳು. ರೊಟ್ಟಿಯ ಹಂಚಿಗೆ ಬಂದಾಗ ನಾನು ಪಟ್ಟು ಹಿಡಿದೆ. ಹಂಚು ಇಲ್ಲದ ಅವ್ವ ಹ್ಯಾಂಗ ಅವ್ವ ಆಗ್ತಾಳ ಎಂದು ವಾದಿಸಿದೆ. "ಜನಾ ಎಲ್ಲಾ ಬಿಟ್ಟುಕೊಡಬೇಕಂತ ಗೇಮ್ ಮಾಡೀರಿ. ನಿಮಗ ಚಿತ್ರದಾಗಿನ ಒಂದು ಹಂಚು ಬಿಡಾಕ ಆಗವಲ್ದು. ನಿಮ್ಮ ಗೇಮ್ ನಿಮಗ ಆಡಾಕ ಬರೂದಿಲ್ರಿ" ಎಂದಳು ಶೈಲಜಾ. ಮೂವತ್ತು ಹೆಸರಿರುವ ಕಾರ್ಡಿಗೂ ಮೂವತ್ತೊಂದನೆಯದನ್ನು ತುರುಕುವ ನಾನು ಅಳಿಸಲು ಕುಳಿತೆ. ಹಂಚು ಹೋಯಿತು, ಕೌದಿ ಹೋಯಿತು, ಟ್ರಂಕೂ ಹೋಯಿತು. ಕಂದು ಗೋಡೆ ಫೋನಿನಲ್ಲಿ ಮಸಿ ಬಳಿದಂತೆ ಕಾಣುತ್ತಿದ್ದುದರಿಂದ ಅದಕ್ಕೆ ಅರಿಸಿನದ ಬಣ್ಣ ಹಾಕಿದೆ. ಮತ್ತೆ ಅಪ್ಪನ ಮುಂದೆ ಹಿಡಿದೆವು.

"ಈಗ ಗ್ವಾಡಿ ಚೊಲೊ ಕಾಣ್ತೈತಿ" ಎಂದರು ಅಪ್ಪ. "ಯಾರೋ ಹೆಣ್ಮಗಳು ಬೆನ್ನ ಮಾಡಿ ನಿಂತಾಳ. ನಮ್ಮ ಮ್ಯಾಲ ಸಿಟ್ಟಾಗ್ಯಾಳೇನು?"

"ಕೇಳಿದ್ರಿಲ್ಲೊ? ಬೆನ್ನ ನೋಡಿ ಯಾರು ಒಳಗ ಬರ್ತಾರ? ಮುಖ ಈ ಕಡೆ ತಿರುಗಿಸ್ರಿ" ಎಂದಳು ಶೈಲಜಾ.

ಸುಲಭದ ಕೆಲಸವೆಂದು ಕುಳಿತೆ. ತುರುಬಿನ ಜಾಗದಲ್ಲಿ ಹಣೆ ಬಂತು, ಕುಂಕುಮ ಬಂತು, ಅಲ್ಲಿಗೆ ಕೈ ನಿಂತಿತು. ಅವ್ವನ ಮೂಗು ಹೇಗಿತ್ತು? ಹೆತ್ತ ತಾಯಿಯ ಮೂಗು ನನಗೆ ನೆನಪಿಲ್ಲ ಎಂದು ಯಾರೊಡನೆ ಹೇಳಿಕೊಳ್ಳಲಿ! ಹಳೆಯ ಆಲ್ಬಮ್ಮುಗಳನ್ನು ಇಳಿಸಿದೆ. ಮದುವೆ, ಕುಬುಸ, ಗೃಹಪ್ರವೇಶ, ಎಲ್ಲದರಲ್ಲೂ ಅವ್ವ ಇದ್ದಾಳೆ. ಒಬ್ಬರ ಭುಜದ ಹಿಂದೆ ಅರ್ಧ, ಇನ್ನೊಬ್ಬರ ಪೇಟದ ಹಿಂದೆ ಕಾಲು. "ನೀವು ಮುಂದ ಬರ್ರಿ" ಎಂದು ಎಲ್ಲರನ್ನೂ ಮುಂದೆ ತಳ್ಳಿ ತಾನು ಹಿಂದೆ ಸರಿಯುವುದು ಅವಳ ಪದ್ಧತಿ. ಪೂರ್ತಿ ಮುಖವಿದ್ದದ್ದು ಆಧಾರ್ ಕಾರ್ಡಿನಲ್ಲಿ ಮಾತ್ರ, ಆ ಚಿತ್ರ ನೋಡಿ ಅವ್ವನೇ "ಇಕಿ ನಾನಲ್ಲ" ಎಂದಿದ್ದಳು. ಆಗ ನನಗೆ ಒಂದು ಸಂಗತಿ ಅರ್ಥವಾಯಿತು. ನಾನು ಆ ಚಿತ್ರದಲ್ಲಿ ಅಷ್ಟೊಂದು ಸಾಮಾನು ತುಂಬಿದ್ದು ಬರೀ ಕಸುಬಿನ ಚಟದಿಂದಲ್ಲ. ಅವಳ ಮುಖ ನನಗೆ ಗೊತ್ತಿಲ್ಲವೆಂಬುದು ಆ ಸಂತೆಯಲ್ಲಿ ಕಾಣದಿರಲಿ ಎಂದು.

ಆನ್‌ಲೈನ್ ಅಂಗಡಿಗೆ ಚಿತ್ರ ಕಳಿಸುವ ದಿನ ಹತ್ತಿರ ಬಂದಿತ್ತು. ಕಸುಬುದಾರನಾದ್ದರಿಂದ ಹೊಂದಿಸಿದೆ. ಮೂಗನ್ನು ಅವ್ವನ ತಂಗಿಯಾದ ಚಿಕ್ಕಮ್ಮನಿಂದ ತಂದೆ. ನನ್ನ ಕಣ್ಣು ಅವ್ವನ ಹಾಗಿವೆ ಎಂದು ಬಂಧುಗಳು ಹೇಳುತ್ತಿದ್ದರು, ಕನ್ನಡಿ ನೋಡಿಕೊಂಡು ಅವನ್ನೇ ಹಾಕಿದೆ. ಬಾಯಿಯನ್ನು ಇನ್ನೇನು ಮಾತಾಡಬೇಕು ಎನ್ನುವಂತೆ ಬರೆದೆ. ಒಂದು ಬದಿಯಿಂದ ಬೆಳಕು. ಕುಗ್ಗಿಸಿ ನೋಡಿದರೆ ಉಗುರಗಲದಲ್ಲೂ ಆ ಮುಖ ನೋಡುವವರನ್ನು ತಡೆದು ನಿಲ್ಲಿಸುತ್ತಿತ್ತು. "ಇದು ಆತು ನೋಡ್ರಿ!" ಎಂದು ಶೈಲಜಾ ಫೋನನ್ನು ಬಾಲ್ಕನಿಗೆ ಒಯ್ದಳು. ನಾನು ಬಾಗಿಲಲ್ಲೇ ನಿಂತೆ.

ಅಪ್ಪ ಫೋನು ಕೈಗೆ ತೆಗೆದುಕೊಂಡು ನೋಡಿದರು.

"ಭಾಳ ಚೊಲೊ ಬಂದೈತಿ ತಮ್ಮಾ. ಕರೆದು ಮಾತಾಡಸಬೇಕು ಅನ್ನಸ್ತೈತಿ" ಎಂದರು. ಆಮೇಲೆ ತಲೆಯೆತ್ತಿ ಕೇಳಿದರು, "ಯಾರಿಕಿ?"

ಕಣ್ಣು ಮಂಜೆಂದು ಸಮಾಧಾನಪಡೋಣವೆಂದರೆ, ಪೊರೆ ತೆಗೆಸಿದ ಮೇಲೆ ಅವರು ಬಾಲ್ಕನಿಯಿಂದಲೇ ಬಸ್ಸಿನ ನಂಬರು ಓದುತ್ತಾರೆ. "ಗೇಮಿನಾಗಿನ ಹೆಣ್ಮಗಳು, ಅಪ್ಪಾ" ಎಂದೆ. "ಹೌದಾ" ಎಂದು ಅಪ್ಪ ಫೋನು ಮರಳಿ ಕೊಟ್ಟರು.

ಅದೇ ಚಿತ್ರ ಹೋಯಿತು. ಗೇಮ್ ತಳ ಸೇರಲಿಲ್ಲ. ಜಾತ್ರೆ ಸೇರಿತೆಂದು ಹೇಳಲಾರೆ, ಆದರೆ ಎಲ್ಲೆಲ್ಲಿಯವರೋ ಬೆರಳು ನಿಲ್ಲಿಸಿ ಒಳಗೆ ಬಂದರು, ಕೋಣೆಯನ್ನು ಖಾಲಿ ಮಾಡಿದರು, ಅಳು ಬಂತೆಂದೂ ಕೆಲವರು ಬರೆದರು. ಆ ಮುಖ ನೋಡಿ ನನ್ನ ತಾಯಿಯ ನೆನಪಾಯಿತು ಎಂದು ಪರದೇಶದ ಒಬ್ಬಾಕೆ ಬರೆದದ್ದನ್ನು ಶೈಲಜಾ ಗಟ್ಟಿಯಾಗಿ ಓದಿದಳು. ಆಕೆಗಾದರೂ ಆಯಿತಲ್ಲ ಎಂದುಕೊಂಡೆ.

ನನ್ನ ತೊಂದರೆ ಬೇರೆ. ಮೊದಲೆಲ್ಲ ಅವ್ವನನ್ನು ನೆನೆದರೆ ಒಲೆಯ ಮುಂದಿನ ಆ ಬೆನ್ನು ಕಾಣುತ್ತಿತ್ತು. ಕರೆದರೆ ತಿರುಗುತ್ತಿದ್ದಳು, ಮುಖ ಮಸುಕಾಗಿದ್ದರೂ ಅವಳದೇ ಆಗಿರುತ್ತಿತ್ತು. ಈಗ ಕರೆದರೆ ಸ್ಪಷ್ಟವಾಗಿ ತಿರುಗುತ್ತಾಳೆ. ಚಿಕ್ಕಮ್ಮನ ಮೂಗು, ನನ್ನ ಕಣ್ಣು, ಹಿಂದೆ ಅರಿಸಿನದ ಗೋಡೆ. ಒಳ್ಳೆಯ ಮುಖಚಿತ್ರ ನೋಡಿದವರ ಮನಸ್ಸಿನಲ್ಲಿ ನಿಂತುಬಿಡಬೇಕು ಎಂದು ಬಲ್ಲವರು ಹೇಳುತ್ತಾರೆ. ನಿಂತಿದೆ. ಅಲ್ಲಿ ಮೊದಲಿದ್ದವಳನ್ನು ಎಬ್ಬಿಸಿ ಕಳಿಸಿ, ಆ ಜಾಗದಲ್ಲೇ ನಿಂತಿದೆ. ಕಸುಬುದಾರನಾಗಿ ನಾನು ದೂರುವಂಥದ್ದು ಏನೂ ಇಲ್ಲ.