ಬಾವನಿಗೆ ಬಂದ ಕಾಗದ

ಬಯೋಮೆಡಿಕಲ್ ಇಂಜಿನಿಯರಿಂಗ್ ಅಂತ ಈಗ ಕಾಲೇಜುಗಳಲ್ಲಿ ಕಲಿಸುತ್ತಾರಲ್ಲ, ಅದನ್ನು ಕೊಡಗಿಗೆ ತಂದವನು ನನ್ನ ಬಾವ. ಬಾವನನ್ನು ಅದಕ್ಕೆ ತಳ್ಳಿದವನು ನಾನು. ಹಾಗಾದರೆ ಮೂಲಪುರುಷ ಯಾರು? ನೀವೇ ಹೇಳಿ!

ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ ಹೊಸತು. ಸಿದ್ದಾಪುರದ ಹತ್ತಿರ ಒಂದು ಎಸ್ಟೇಟಿನಲ್ಲಿ ಬಾವ ಕಾಫಿ ಹಣ್ಣು ಸುಲಿಯುವ ಪಲ್ಪರ್, ಗಿಡಕ್ಕೆ ಬೋರ್ಡೋ ದ್ರಾವಣ ಹೊಡೆಯುವ ಪಂಪು, ಎಲ್ಲ ರಿಪೇರಿ ಮಾಡುತ್ತಿದ್ದ. ಅವನ ಕಣ್ಣಿಗೆ ಮನುಷ್ಯರೂ ಮೆಶೀನುಗಳೇ! ಯಾರಾದರೂ ಕೆಮ್ಮಿದರೆ ಸಾಕು, ರಬ್ಬರ್ ಪೈಪಿನ ಒಂದು ತುದಿ ಅವರ ಎದೆಗೆ, ಇನ್ನೊಂದು ತನ್ನ ಕಿವಿಗೆ. ಒಮ್ಮೆ ಹೆತ್ತ ತಾಯಿಗೇ, "ಅವ್ವಾ, ನಿನ್ನ ವಾಲ್ವ್ ಲೀಕು" ಅಂದುಬಿಟ್ಟ.

"ನಿನ್ನ ತಲೇಲಿ ನಟ್ಟೇ ಇಲ್ಲ, ಅದನ್ನ ನೋಡ್ಕೋ ಮೊದ್ಲು!" ಅಂದರು ಅತ್ತೆ.

ಆಸ್ಪತ್ರೆ ಮೆಶೀನುಗಳ ವಿದ್ಯೆ ಕಲಿಯಬೇಕೆಂಬುದೊಂದೇ ಅವನ ಹುಚ್ಚು. ಮೈಸೂರಿಗೆ ಹೋಗಿ ಇಂಜಿನಿಯರಿಂಗ್ ಮೇಷ್ಟ್ರನ್ನು ಕೇಳಿದರೆ, "ರೋಗಿಗಳ ವಿಷಯ ಡಾಕ್ಟರನ್ನು ಕೇಳಯ್ಯ" ಅಂದರಂತೆ. ಡಾಕ್ಟರನ್ನು ಕೇಳಿದರೆ, "ನಟ್ಟು ಬೋಲ್ಟು ಇಂಜಿನಿಯರನ್ನು ಕೇಳಯ್ಯ!" ನಾಲ್ಕು ಆಸ್ಪತ್ರೆಗಳಿಗೆ ಅರ್ಜಿ ಹಾಕಿದ. ಒಂದಕ್ಕೂ ಉತ್ತರವಿಲ್ಲ.

ಮಾವ ತೀರ್ಪು ಕೊಟ್ಟರು: "ಅದನ್ನ ಕಲಿತ್ರೆ ಕೆಲ್ಸ ಎಲ್ಲುಂಟು ಮಾರಾಯ? ಸೋಮವಾರದಿಂದ ಎಸ್ಟೇಟಲ್ಲಿ ಲೆಕ್ಕ ಬರೆಯೋ ರೈಟರ್ ಕೆಲ್ಸಕ್ಕೆ ಕೂತ್ಕೋ. ಸ್ಪ್ಯಾನರು ಇನ್ನು ಮುಟ್ಟಬೇಡ."

ಬಾವನ ಮುಖ ಇಳಿದುಹೋಯಿತು. ಬೇರೆಯವರಾದರೆ ಸಮಾಧಾನ ಹೇಳುತ್ತಿದ್ದರು. ನಾನು? ಕಾಗದ ಬರೆದೆ! ಪಟ್ಟಣದ ಆಸ್ಪತ್ರೆಯ ದೊಡ್ಡ ಡಾಕ್ಟರು ಬರೆದ ಹಾಗೆ: "ನಮ್ಮ ಮೆಶೀನು ಕೆಟ್ಟಿದೆ. ನಿಮ್ಮಂಥ ತಜ್ಞರು ಬೇರಿಲ್ಲ. ಶನಿವಾರ ದಯಮಾಡಿಸಬೇಕು." ಕೆಳಗೆ ಎಂಥ ಸಹಿ ಅಂತೀರಿ! ಡಾಕ್ಟರಿಗೇ ಹೊಟ್ಟೆಕಿಚ್ಚಾಗಬೇಕು.

ಶನಿವಾರ ಬಾವ ಮದುವೆಮನೆಗೆ ಹೊರಟವನಂತೆ ಕೋಟು ತೊಟ್ಟು, ಸ್ಪ್ಯಾನರ್ ಪೆಟ್ಟಿಗೆ ಹಿಡಿದು ಬಸ್ಸು ಹತ್ತಿದ. ತಮಾಷೆ ತಪ್ಪೀತೆಂದು ನಾನೂ ಜೊತೆಗೆ ಹೊರಟೆ.

ದೊಡ್ಡ ಡಾಕ್ಟರು ಕಾಗದ ಓದಿ, "ಇದನ್ನ ನಾನು ಬರೆದೇ ಇಲ್ಲ!" ಅಂದರು. ನಗು ತಡೆಯಲಾರದೆ ನಾನು ಹೆಗಲ ಟವಲನ್ನೇ ಬಾಯಿಗೆ ತುರುಕಿಕೊಂಡೆ. ಅಷ್ಟರಲ್ಲಿ ನರ್ಸಮ್ಮ, "ಸಾರ್, ಗಂಟಲ ಕಫ ಎಳೆಯೋ ಪಂಪು ಮೂರು ತಿಂಗಳಿಂದ ಕೆಟ್ಟು ಕೂತಿದೆಯಲ್ಲ..." ಅಂದುಬಿಡಬೇಕೇ!

ಕಾಲಲ್ಲಿ ತುಳಿಯುವ ಪಂಪು. ಬಿಚ್ಚಿದವನೇ ಬಾವ ಕಿರುಚಿದ: "ಸಾರ್, ಇದು ನಮ್ಮ ಬೋರ್ಡೋ ಪಂಪಿನ ತಮ್ಮ! ಅದು ಉಗುಳ್ತದೆ, ಇದು ಹೀರ್ತದೆ, ಅಷ್ಟೇ. ಚರ್ಮದ ವಾಷರನ್ನ ಯಾರೋ ಉಲ್ಟಾ ಹಾಕಿದ್ದಾರೆ!" ತಿರುಗಿಸಿ ಹಾಕಿ, ಹರಳೆಣ್ಣೆ ಸವರಿ, ತುಳಿದ. ಬಟ್ಟಲಿನ ನೀರು ಸೊರ್ರನೆ ಪೈಪಿನಲ್ಲಿ ಏರಿತು! ಡಾಕ್ಟರು ಸೂಜಿ, ಕತ್ತರಿ ಕುದಿಸುವ ಕೆಟ್ಟ ಸ್ಟೆರಿಲೈಸರನ್ನೂ ತೋರಿಸಿದರು; ಅದೂ ಸರಿಯಾಯಿತು. "ಸೋಮವಾರದಿಂದ ಇಲ್ಲಿಗೇ ಬಾ" ಅಂದರು. ರೈಟರ್ ಕುರ್ಚಿ ಖಾಲಿಯೇ ಉಳಿಯಿತು!

ಬಾವ ನಿವೃತ್ತನಾದ ದಿನ, ಇಷ್ಟು ವರ್ಷ ಹೊಟ್ಟೆಯಲ್ಲಿಟ್ಟುಕೊಂಡಿದ್ದನ್ನು ಜಂಬದಿಂದ ಹೊರಗೆ ಹಾಕಿದೆ. "ಬಾವಾ, ಆ ಕಾಗದ ಬರೆದದ್ದು ನಾನು!"

ಅವನು ಸ್ಪ್ಯಾನರ್ ಪೆಟ್ಟಿಗೆ ತೆರೆದ. ತಳದಲ್ಲಿ ಎಣ್ಣೆ ಕುಡಿದು ಹಳದಿಯಾದ ನನ್ನ ಕಾಗದ.

"ನಿನ್ನ ಅಕ್ಷರ ನಂಗೆ ಗೊತ್ತಿಲ್ವಾ ಮಾರಾಯ? ಅವತ್ತೇ ಗೊತ್ತಿತ್ತು."

"ಮತ್ತೆ ಹೋದದ್ದು ಎಂತಕ್ಕೆ?"

"ತಮಾಷೆಗಾದ್ರೂ ಸರಿ, ನನ್ನನ್ನ ಬಾ ಅಂತ ಕರೆದ ಕಾಗದ ಅದೊಂದೇ ಅಲ್ವಾ?"

ನನಗೆ ಮತ್ತೆ ಟವಲು ಬೇಕಾಯಿತು. ಈ ಸಲ ಬಾಯಿಗಲ್ಲ.