ಮಾತು ಹುಡುಕಿಕೊಂಡು ಹೋದದ್ದು

ಜೇಬಿನಲ್ಲಿ ಪೆನ್ಸಿಲು, ಕೈಯಲ್ಲಿ ಪುಟ್ಟ ನೋಟ್‌ಬುಕ್ಕು ಇಟ್ಟುಕೊಂಡು ತಿರುಗುವವನಿಗೆ ಇಂಥವು ಆಗುತ್ತಲೇ ಇರುತ್ತವೆ. ಸುಮ್ಮನೆ ಮನೆಯಲ್ಲೇ ಕೂತು ಬರೆಯಬಹುದಿತ್ತು ಅನ್ನಬೇಡಿ. ಹಾಗೆ ಬರೆದ ಏಳು ಕಥೆಗಳೂ ಬೆಂಗಳೂರಿನ ಮಾಸಪತ್ರಿಕೆಗೆ ಹೋಗಿ, ಹೋದಷ್ಟೇ ಕ್ಷೇಮವಾಗಿ ಹಿಂತಿರುಗಿದ್ದವು. ಏಳನೆಯದರ ಜೊತೆ ಸಂಪಾದಕರ ಕಾರ್ಡೊಂದಿತ್ತು: "ಕಥೆ ಚೆನ್ನಾಗಿದೆ. ಆದರೆ ನಿಮ್ಮ ರೈತ ಗೊಬ್ಬರ ಹೊರುವಾಗಲೂ ಸಂಧ್ಯಾವಂದನೆ ಮಾಡುವವರ ಹಾಗೆ ಮಾತಾಡುತ್ತಾನೆ."

ಅವರ ಮಾತು ಸುಳ್ಳಲ್ಲ. ನನ್ನ ರೈತ ಹೊಲದ ಬದುವಿನಲ್ಲಿ ನಿಂತು, "ಎಲೆ ಪ್ರಿಯೆ, ಬುತ್ತಿಯನ್ನು ತಂದಿರುವೆಯಾ?" ಎಂದು ಹೆಂಡತಿಯನ್ನು ಕೇಳಿದ್ದ.

ನನ್ನಾಕೆ ಕಾರ್ಡನ್ನು ಎರಡು ಸಲ ಓದಿ, "ಇದನ್ನ ನಾನು ಮೊದಲನೇ ಕಥೆಗೇ ಹೇಳಿದ್ದೆ. ನನ್ನ ಹತ್ರ ಅಚ್ಚುಕೂಟ ಇಲ್ಲ ಅಂತ ನೀವು ಕೇಳಲಿಲ್ಲ" ಎಂದಳು. ಒಂದೇ ಒಂದು ಕಥೆ ಅಚ್ಚಿನಲ್ಲಿ ಬಂದುಬಿಡಬೇಕು ಎಂಬ ಆಸೆ ನನ್ನನ್ನು ಹಸಿವಿನ ಹಾಗೆ ಕಾಡುತ್ತಿತ್ತು. ಜನ ಹೇಗೆ ಮಾತಾಡುತ್ತಾರೋ ಕೇಳಿ ಬರೆದುಕೊಂಡು ಬರೋಣ ಎಂದು ಹೊರಟೆ.

ಬರೆಯುವವರು ಬಂದರು

ಆಗ ನಾನು ಮದ್ದೂರಿನಲ್ಲಿ ಕನ್ನಡದ ಮೇಷ್ಟ್ರು. ಯುದ್ಧದ ಕಾಲ. ಸರ್ಕಾರದವರು ಹಳ್ಳಿಹಳ್ಳಿಗೆ ಹೋಗಿ, ಮನೆಮನೆಯ ದವಸ ಬರೆದುಕೊಂಡು, ಲೆವಿ ಎಂದು ಒಂದು ಪಾಲು ಎತ್ತಿಕೊಂಡು ಹೋಗುತ್ತಿದ್ದರು. ಮಾತಿನ ಹುಚ್ಚಿನಲ್ಲಿ ನನಗೆ ಇದು ನೆನಪಿಗೇ ಬರಲಿಲ್ಲ.

ಒಂದು ಭಾನುವಾರ ಹನಕೆರೆಯಲ್ಲಿ ರೈಲಿಳಿದು ಪಕ್ಕದ ಹಳ್ಳಿಗೆ ಹೋದೆ. ಮೊದಲನೇ ಮನೆಯ ಅಂಗಳದಲ್ಲಿ ಒಬ್ಬ ಅಜ್ಜಿ ಅವರೆಕಾಯಿ ಸುಲಿಯುತ್ತಿದ್ದಳು. ನನ್ನ ನೋಟ್‌ಬುಕ್ಕು ಕಂಡದ್ದೇ ತಡ, ಎದ್ದುಹೋಗಿ ಅಂಗಳದ ಮಧ್ಯದ ಒಂದು ಚಪ್ಪಡಿ ಕಲ್ಲಿನ ಮೇಲೆ ಕೂತಳು.

ಬಾಗಿಲ ಸಂದಿಯಲ್ಲಿ ಕಾಣುತ್ತಿದ್ದ ದೊಡ್ಡ ಮಡಕೆ ತೋರಿಸಿ, "ಅಜ್ಜಿ, ಅದಕ್ಕೆ ಏನಂತೀರಿ?" ಎಂದೆ.

"ಬರೀದು ಸೋಮಿ."

"ಹೆಸರು ಕೇಳ್ದೆ."

"ಎಸ್ರು ಏನಾದ್ರೂ ಆಗ್ಲಿ, ಒಳಗೇನಿಲ್ಲ."

ಮೂಲೆಯ ಇನ್ನೊಂದನ್ನು ತೋರಿಸಿದೆ. "ಅದು ಒಡ್ದೋಗದೆ." ಕಟ್ಟಿದ್ದ ಹಸು ತೋರಿಸಿದೆ. "ಅದು ಗೊಡ್ಡು." ಕೊನೆಗೆ, "ನೀವು ಕೂತಿರೋ ಕಲ್ಲಿಗೆ?" ಎಂದೆ. ಅಜ್ಜಿ ಕಾಲು ಮಡಚಿ ಇನ್ನೂ ಭದ್ರವಾಗಿ ಕೂತು, "ಇದು ಕಲ್ಲು" ಎಂದಳು. ನೆಲದಡಿ ರಾಗಿ ತುಂಬಿಡುವ ಹಗೇವಿನ ಬಾಯಿಗೆ ಅಂಥ ಕಲ್ಲು ಮುಚ್ಚುತ್ತಾರೆಂದು ನನಗೆ ತಿಳಿದದ್ದು ಆಮೇಲೆ.

"ನಾನು ಸರ್ಕಾರದವನಲ್ಲ ಅಜ್ಜಿ, ಬರೆಯೋಕೆ ಬಂದವನು" ಎಂದು ಸಮಾಧಾನ ಹೇಳಿದೆ.

ಅಜ್ಜಿ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ಓದ್ಸಲ ಬಂದೋರೂ ಬರೆಯಾಕೇ ಬಂದಿದ್ರು ಸೋಮಿ. ಅವ್ರು ಬರ್ಕೊಂಡೋದ್ಮೇಲೆ ಗಾಡಿ ಬಂತು."

ಎರಡು ವಾಕ್ಯದ ಕಾಗದ

ಮಾರನೆಯ ವರ್ಷ ಮಳವಳ್ಳಿಗೆ ವರ್ಗವಾಯಿತು. ಅಲ್ಲಿ ನಮ್ಮ ಬೀದಿಯ ಹೆಂಗಸೊಬ್ಬಳು ಕಾರ್ಡು ಹಿಡಿದು ಬಂದಳು. ಉಪ್ಪೆಸರಿಗೆ ಉಪ್ಪು ಹೆಚ್ಚಾಯಿತೆಂದು ಗಂಡ ಮುನಿಸಿಕೊಂಡು ಸೋಮನಹಳ್ಳಿಯ ಅಕ್ಕನ ಮನೆ ಸೇರಿ ತಿಂಗಳಾಗಿತ್ತು. ಅವನು ಬರುವ ಹಾಗೆ ಬರೆದುಕೊಡಬೇಕು.

ನಾನು ಪದ್ಧತಿಯಂತೆ "ಇತ್ತ ನಾವೆಲ್ಲರೂ ಕ್ಷೇಮ" ಎಂದು ಶುರುಮಾಡಿ ಓದಿದೆ.

"ಒಡೀರಿ ಅದ್ನ! ನಾವು ಸೆಂದಾಗಿದ್ರೆ ಅವ್ರು ಯಾಕ್ ಬತ್ತಾರೆ?"

ಹೊಡೆದುಹಾಕಿದೆ. "ತಮ್ಮ ಅಗಲಿಕೆಯ ಬೇಗೆಯಲ್ಲಿ ಬೆಂದು" ಎಂದು ಬರೆದೆ. ಆ ಸಾಲಿನ ಮೇಲೆ ನನಗೆ ಬಹಳ ಮೋಹವಿತ್ತು. ನನ್ನ ಮೂರು ಕಥೆಗಳಲ್ಲಿ ಅದು ಬಂದಿತ್ತು.

"ಬೇಗೆ ಗೀಗೆ ಅಂದ್ರೆ ಜರ ಬಂದದೆ ಅಂದ್ಕೊಂಡು ಇನ್ನೂ ದೂರ ಓಯ್ತಾರೆ. ನಾನೇಳಿದ್ದು ಬರೀರಿ ಮೇಷ್ಟ್ರೇ. 'ಎಮ್ಮೆ ಈ ವಾರ ಕರ ಆಕ್ತದೆ. ಗಿಣ್ಣು ಬೇಕಾದೋರು ಬರ್ಬೋದು.'"

"ಅಷ್ಟೇನಾ?"

"ಅಷ್ಟೇ."

ಅರ್ಧ ಕಾರ್ಡು ಖಾಲಿ ಉಳಿಯಿತಲ್ಲ ಎಂದು ನನಗೆ ಹೊಟ್ಟೆ ಉರಿಯಿತು. ನಾಲ್ಕನೇ ದಿನ ಆ ಕಡೆ ಹೋದಾಗ ನೋಡುತ್ತೇನೆ, ಗಂಡ ಕೊಟ್ಟಿಗೆಯ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದಾನೆ. ಎಮ್ಮೆ ಇನ್ನೂ ಕರು ಹಾಕಿರಲಿಲ್ಲ. ಬಂದ ದಿನದಿಂದ ಅವನು ಆ ಜಾಗ ಬಿಟ್ಟು ಎದ್ದಿಲ್ಲವಂತೆ!

ಚುಕ್ಕಿಗಳ ಸಾಲು

ಕೊನೆಗೆ ಮಂಡ್ಯಕ್ಕೆ ಬಂದೆ. ನಮ್ಮ ಮನೆಯ ಎದುರಿಗೇ ಇಬ್ಬರು ವಾರಗಿತ್ತಿಯರು. ಮನೆ ಪಾಲಾಗಿ ನಡುವೆ ಒಂದು ಮೋಟುಗೋಡೆ ಎದ್ದಿತ್ತು. ಹಿರಿಯಳ ಬಚ್ಚಲ ನೀರು ಗೋಡೆಯ ಬುಡದಿಂದ ಕಿರಿಯಳ ಅಂಗಳಕ್ಕೆ ಹರಿಯುತ್ತಿತ್ತು. ಒಂದು ಬೆಳಿಗ್ಗೆ ಜಗಳ ಹತ್ತಿಕೊಂಡಿತು. ನಾನು ಜಗುಲಿಯ ಮೇಲೆ ಕೂತು ಕದ್ದು ಬರೆದುಕೊಳ್ಳತೊಡಗಿದೆ. ಅಂಥ ಮಾತು, ಅಂಥ ಲಯ, ನನ್ನ ಪೆನ್ಸಿಲು ಹಿಂದೆ ಬಿತ್ತು.

ಹಿರಿಯಳು ತಟ್ಟನೆ ನಿಲ್ಲಿಸಿ, "ಮೇಷ್ಟ್ರೇ, ಏನ್ ಬರೀತಿದೀರಿ?" ಎಂದಳು.

ಸಿಕ್ಕಿಬಿದ್ದೆ. ನಿಜ ಹೇಳಿದೆ. "ನಿಮ್ಮ ಮಾತು."

"ಯಾರ್ದು? ನಂದಾ, ಅವಳ್ದಾ?"

"ಇಬ್ಬರದೂ."

"ಓದಿ ಮತ್ತೆ."

ಓದಿದೆ. "ನಂದು ಎಷ್ಟೋ ಬುಟ್ಟೋಗದೆ!" ಎಂದು ಕಿರಿಯಳು ಗೋಡೆಯ ಹತ್ತಿರ ಬಂದಳು. ಅಲ್ಲಿಂದ ಮುಂದೆ ಇಬ್ಬರೂ ನನ್ನ ಕೈ ನೋಡಿಕೊಂಡು ನಿಧಾನವಾಗಿ ಬೈದಾಡಿದರು. "ನಿನ್ ಮನೆ ಎಕ್ಕುಟ್ಟೋಗ... ಬರ್ಕೊಂಡ್ರಾ? ಮುಂದುಕ್ಕೋಗ್ಲಾ?" ನಡುವೆ ನಾನು, "ಎಕ್ಕುಟ್ಟೋಗ ಅಂದರೆ ಏನು?" ಎಂದು ಕೇಳಿದೆ. "ಮನೆ ಬಿದ್ದೋಗಿ, ಆ ಜಾಗ್ದಲ್ಲಿ ಎಕ್ಕದ ಗಿಡ ಉಟ್ಲಿ ಅಂತ" ಎಂದು ಇಬ್ಬರೂ ಒಟ್ಟಿಗೆ, ಪ್ರೀತಿಯಿಂದ, ವಿವರಿಸಿದರು.

ಆ ಜಗಳವನ್ನೇ ಕಥೆ ಮಾಡಿ ಕಳಿಸಿದೆ. ಎರಡು ತಿಂಗಳಿಗೆ ಪತ್ರಿಕೆ ಬಂತು. ನನ್ನ ಕಥೆ! ನನ್ನ ಹೆಸರು! ಪರಿವಿಡಿಯಲ್ಲೇ ಎರಡು ಸಲ ಓದಿಕೊಂಡೆ. ಜೊತೆಗೊಂದು ಕಾರ್ಡು: "ಭಾಷೆ ಈ ಸಲ ಜೀವಂತವಾಗಿದೆ. ಅಷ್ಟು ಜೀವವನ್ನು ನಮ್ಮ ಓದುಗರು ತಡೆಯಲಾರರು. ಕೆಲವು ಕಡೆ ಚುಕ್ಕಿ ಹಾಕಿದ್ದೇವೆ." ತೆರೆದು ನೋಡಿದರೆ, ಬೈಗುಳ ಇದ್ದಲ್ಲೆಲ್ಲ ಬರೀ ಚುಕ್ಕಿಗಳು. ಅಳುವುದೋ ನಗುವುದೋ ತಿಳಿಯಲಿಲ್ಲ.

ವಾರಗಿತ್ತಿಯರು ಓದಿಸಿಕೊಳ್ಳಲು ಬಂದೇ ಬಂದರು. ಓದುತ್ತಾ ಹೋಗಿ ಚುಕ್ಕಿಯ ಹತ್ತಿರ ನಿಂತೆ.

"ಯಾಕ್ ನಿಂತ್ರಿ?" ಎಂದಳು ಹಿರಿಯಳು.

"ಇಲ್ಲಿ ನಿಮ್ಮ ಬೈಗುಳ ಇತ್ತಮ್ಮ. ಅದನ್ನು ಅಚ್ಚು ಹಾಕೋಕಾಗಲ್ಲವಂತೆ. ಅದರ ಬದಲು ಚುಕ್ಕಿ ಇಟ್ಟಿದ್ದಾರೆ."

ಬೈಸಿಕೊಳ್ಳಲು ನಾನು ತಯಾರಾಗಿ ಕೂತೆ. ಆಕೆ ಬೈಯಲಿಲ್ಲ. ಪುಟವನ್ನು ತನ್ನ ಕಡೆ ತಿರುಗಿಸಿಕೊಂಡು ಕೇಳಿದಳು.

"ಇದು ನಂದಾ?"

"ಹೌದು."

"ಇದು ಅವಳ್ದಾ?"

"ಹೌದು."

ಒಂದೊಂದೇ ಸಾಲಿನ ಮೇಲೆ ಬೆರಳಿಟ್ಟು ಅಳೆದಳು. ಮುಖ ಅರಳಿತು. "ನೋಡೇ, ನಂದೇ ಉದ್ದ!"

ಕಿರಿಯಳು ಬಗ್ಗಿ, ಪುಟಕ್ಕೆ ಮೂಗು ತಾಗುವಷ್ಟು ಹತ್ತಿರದಿಂದ ನೋಡಿದಳು. ಆಮೇಲೆ ತಲೆ ಎತ್ತಿ ಹೇಳಿದಳು:

"ನಿಂದು ಬರೀ ಉದ್ದ ಕಣಕ್ಕ. ನಂದು ನೋಡು, ಎಂಗೆ ಒತ್ತೊತ್ತಾಗವೆ!"